ತೋಟಾದ ತಳಕ್ಕೆ ಬೆಳಕು

ಗುರಿ ಹೊಡೆಯುವುದನ್ನು ಹವ್ಯಾಸ ಮಾಡಿಕೊಂಡ ಅಮೆರಿಕನ್ನರಲ್ಲಿ ಅನೇಕರು ಹಾರಿಸಿದ ತೋಟಾಗಳನ್ನು ಎಸೆಯುವುದಿಲ್ಲ. ಗುಂಡು ಹೋಗಿರುತ್ತದೆ, ಮದ್ದು ಉರಿದಿರುತ್ತದೆ, ಬುಡದ ಕೇಪು ಸಿಡಿದಿರುತ್ತದೆ. ಆದರೆ ಹಿತ್ತಾಳೆಯ ಕವಚ ಮಾತ್ರ ಗಟ್ಟಿಯಾಗಿಯೇ ಉಳಿದಿರುತ್ತದೆ. ಅದನ್ನು ಮನೆಗೆ ತಂದು, ತೊಳೆದು, ಮತ್ತೆ ಅಳತೆಗೆ ಒತ್ತಿ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮರುಬಳಕೆ ಮಾಡುತ್ತಾರೆ. ಈ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ಅಲ್ಲಿನ ಗ್ಯಾರೇಜುಗಳಲ್ಲಿ, ನೆಲಮಾಳಿಗೆಗಳಲ್ಲಿ ಇದಕ್ಕೆಂದೇ ಒಂದು ಗಟ್ಟಿ ಮೇಜು ಇರುತ್ತದೆ. ಮೇಜಿನ ಅಂಚಿಗೆ ಬೋಲ್ಟಿನಿಂದ ಬಿಗಿದ ಪ್ರೆಸ್ಸು, ಪಕ್ಕದಲ್ಲಿ ಪುಟ್ಟ ತಕ್ಕಡಿ, ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸಲು ತೂತು ಕೊರೆದ ಹಲಗೆ.

ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಇಂಥ ಮೇಜಿನ ಮುಂದೆ ಕೂರುವ ಸಂದರ್ಭ ಬರಲಾರದು. ತೋಟಾ ತುಂಬುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯವೂ ಅಲ್ಲ. ವಿಷಯ ಆ ಮೇಜಿನ ಮೇಲಿನ ದೀಪ. ಬೆಳಕು, ಕಣ್ಣು, ನೆರಳು, ಲೋಹದ ಹೊಳಪು, ಶಾಖ ಇವೆಲ್ಲ ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಒಟ್ಟಿಗೆ ಸೇರುವ ಕೆಲಸ ಕಡಿಮೆ. ಇಲ್ಲಿ ಕಣ್ಣಿಗೆ ಕಾಣದೆ ಹೋದದ್ದಕ್ಕೆ ಬೆರಳು, ಕಣ್ಣು, ಕೆಲವೊಮ್ಮೆ ಜೀವವನ್ನೇ ತೆರಬೇಕಾಗುತ್ತದೆ. ಆದ್ದರಿಂದ ಬೆಳಕಿನ ವಿಜ್ಞಾನವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಮೊದಲೇ ಹೇಳಿಬಿಡುತ್ತೇನೆ: ದೀಪ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಎಷ್ಟು ವ್ಯಾಟು ಎಂಬುದು. ಅದಕ್ಕೂ ಮೊದಲು ಕೇಳಬೇಕಾದದ್ದು, ಬೆಳಕು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು.

ಹತ್ತು ಡಿಗ್ರಿಯ ಲೆಕ್ಕ

ರೀಲೋಡಿಂಗ್ ಮೇಜಿನಲ್ಲಿ ಎರಡು ತಪ್ಪುಗಳಿಗೆ ಎಲ್ಲರೂ ಹೆದರುತ್ತಾರೆ. ಒಂದು, ಮದ್ದು ಬೀಳದ ತೋಟಾ. ಕೇಪಿನ ಬಲ ಒಂದರಿಂದಲೇ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಸರಿದು ಸಿಕ್ಕಿಹಾಕಿಕೊಳ್ಳುತ್ತದೆ. ಅದು ಗೊತ್ತಾಗದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಸಿಡಿಯಬಹುದು. ಇನ್ನೊಂದು, ಮದ್ದು ಎರಡು ಸಲ ಬಿದ್ದ ತೋಟಾ. ಮದ್ದು ಎರಡರಷ್ಟಾದಾಗ ಒತ್ತಡ ಎರಡರಷ್ಟಕ್ಕೆ ನಿಲ್ಲುವುದಿಲ್ಲ, ಅದಕ್ಕಿಂತ ಬಹಳ ಮೇಲೆ ಏರುತ್ತದೆ. ಪಿಸ್ತೂಲೇ ಒಡೆಯಬಹುದು.

ರೈಫಲ್ ತೋಟಾಗಳಲ್ಲಿ ಸಾಮಾನ್ಯವಾಗಿ ಮದ್ದು ಕವಚವನ್ನು ಬಹುಮಟ್ಟಿಗೆ ತುಂಬಿರುತ್ತದೆ. ಎರಡನೆಯ ಸಲ ಸುರಿದರೆ ಉಕ್ಕಿ ಚೆಲ್ಲುತ್ತದೆ, ತಪ್ಪು ತಾನಾಗಿ ಬಯಲಾಗುತ್ತದೆ. ಪಿಸ್ತೂಲು, ರಿವಾಲ್ವರುಗಳ ತೋಟಾದಲ್ಲಿ ಹಾಗಲ್ಲ. .38 ಸ್ಪೆಷಲ್ ಎಂಬ ಪ್ರಸಿದ್ಧ ರಿವಾಲ್ವರ್ ತೋಟಾವನ್ನೇ ನೋಡಿ. 1898ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತಂದ ವಿನ್ಯಾಸ ಅದು. ಆಗಿನದು ಜಾಗ ಹೆಚ್ಚು ಬೇಡುವ ಕರಿಮದ್ದು, ಅದಕ್ಕೆ ತಕ್ಕಂತೆ ಕವಚವೂ ಉದ್ದ. ಈಗಿನ ಹೊಗೆರಹಿತ ಮದ್ದು ಅದೇ ಕೆಲಸವನ್ನು ತೀರ ಕಡಿಮೆ ಪ್ರಮಾಣದಲ್ಲಿ ಮಾಡುತ್ತದೆ. ಹಾಗಾಗಿ ಕವಚದ ತಳದಲ್ಲಿ ತೆಳ್ಳಗೆ ಮದ್ದು, ಮೇಲೆಲ್ಲ ಖಾಲಿ. ಎರಡು ಸಲ ಬಿದ್ದರೂ ಉಕ್ಕುವುದಿಲ್ಲ. ತಪ್ಪು ಗೊತ್ತಾಗಬೇಕಾದರೆ ಒಳಗೆ ಇಣುಕಿ ಮಟ್ಟ ನೋಡಲೇಬೇಕು.

ಇಣುಕಿದರೆ ಕಾಣುತ್ತದೆಯೇ? ಲೆಕ್ಕ ಹಾಕೋಣ. ಆ ಕವಚದ ಬಾಯಿ ಸುಮಾರು 9 ಮಿಲಿಮೀಟರ್ ಅಗಲ. ಒಟ್ಟು ಉದ್ದ 29 ಮಿಲಿಮೀಟರ್, ಬುಡದ ದಪ್ಪ ಕಳೆದರೆ ಒಳಗಿನ ಆಳ ಹೆಚ್ಚುಕಡಿಮೆ 26. ತಳದ ನಡುಬಿಂದುವಿಗೆ ನೇರವಾಗಿ ಬೆಳಕು ಬೀಳಬೇಕಾದರೆ ಆ ಕಿರಣ ನೆಟ್ಟನೆಯ ಗೆರೆಯಿಂದ 10 ಡಿಗ್ರಿಗಿಂತ ಹೆಚ್ಚು ವಾಲಿರಬಾರದು. ಅದಕ್ಕಿಂತ ಓರೆಯಾಗಿ ಬಂದ ಬೆಳಕು ಕವಚದ ಒಳಗೋಡೆಗೆ ಬಡಿದು ಅಲ್ಲೇ ಚದುರುತ್ತದೆ. ಆಳದ ಬಾವಿಯ ತಳಕ್ಕೆ ಬಿಸಿಲು ಬೀಳುವುದು ಸೂರ್ಯ ನೆತ್ತಿಗೆ ಬಂದಾಗ ಮಾತ್ರ, ಇಲ್ಲಿಯೂ ಅದೇ ನಿಯಮ.

ಕಣ್ಣಿಗೂ ಇದೇ ಕಟ್ಟಳೆ. ತಳದ ನಡುಬಿಂದು ಕಾಣಬೇಕಾದರೆ ಕಣ್ಣು ಕೂಡ ಅದೇ 10 ಡಿಗ್ರಿಯ ಒಳಗಿರಬೇಕು. ಕೂತವರ ಕಣ್ಣು ತೋಟಾದಿಂದ 45 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. ಆ ಎತ್ತರದಲ್ಲಿ 10 ಡಿಗ್ರಿಯ ಶಂಕು ಸುಮಾರು 16 ಸೆಂಟಿಮೀಟರ್ ಅಗಲದ ಒಂದು ವೃತ್ತವಾಗುತ್ತದೆ. ಮನುಷ್ಯನ ತಲೆಯ ಅಗಲ ಸುಮಾರು 15 ಸೆಂಟಿಮೀಟರ್. ಅಂದರೆ ತೋಟಾದ ಬಾಯಿಯ ಮೇಲೆ ಬಗ್ಗಿದ ತಲೆ, ತಳಕ್ಕೆ ಬೆಳಕು ಬರಬಹುದಾದ ಏಕೈಕ ಕಿಂಡಿಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಬಿಡುತ್ತದೆ. ಛಾವಣಿಯಲ್ಲಿ ಎಷ್ಟೇ ಪ್ರಖರ ದೀಪವಿರಲಿ, ನೋಡುವವನ ತಲೆಯೇ ಅದಕ್ಕೆ ಗ್ರಹಣ ಹಿಡಿಸುತ್ತದೆ. ಒಳಗೋಡೆಗೆ ಬಡಿದು ಚದುರಿದ ಬೆಳಕಿನಿಂದ ತಳ ಪೂರಾ ಕತ್ತಲಾಗಿರುವುದಿಲ್ಲ, ನಿಜ. ಆದರೆ ಮದ್ದಿನ ಕಣಗಳಿಗೆ ಗ್ರಾಫೈಟ್ ಲೇಪನವಿರುತ್ತದೆ, ಅವು ಕಡು ಬೂದು ಬಣ್ಣದವು. ಅರೆಗತ್ತಲಲ್ಲಿ ಕಡುಬೂದು ಮದ್ದಿನ ಮಟ್ಟ ಎರಡು ಮಿಲಿಮೀಟರ್ ಏರಿದೆಯೋ ಇಳಿದಿದೆಯೋ ಎಂದು ಹೇಳುವುದು ಚುರುಕು ಕಣ್ಣಿಗೂ ಆಗದ ಮಾತು.

.45 ಎಸಿಪಿ ಎಂಬ ಪಿಸ್ತೂಲು ತೋಟಾದ ಬಾಯಿ 11.5 ಮಿಲಿಮೀಟರ್, ಒಳ ಆಳ ಸುಮಾರು 19. ಅಲ್ಲಿ 17 ಡಿಗ್ರಿಯವರೆಗೆ ಅವಕಾಶವಿದೆ. ಅದೇ 45 ಸೆಂಟಿಮೀಟರ್ ಎತ್ತರದಲ್ಲಿ ಕಿಂಡಿ 27 ಸೆಂಟಿಮೀಟರ್ ಅಗಲವಾಗುತ್ತದೆ, ತಲೆಯ ಸುತ್ತಲಿಂದ ಬೆಳಕು ನುಸುಳುತ್ತದೆ. ಅದೇ ಮೇಜು, ಅದೇ ದೀಪ, ಅದೇ ಕಣ್ಣು. ಒಂದು ತೋಟಾದ ತಳ ಕಾಣುತ್ತದೆ, ಇನ್ನೊಂದರದು ಕಾಣುವುದಿಲ್ಲ.

ಹೆಲ್ಮ್‌ಹೋಲ್ಟ್ಸ್ ಬಿಡಿಸಿದ ಒಗಟು

ನೋಡುವವನ ತಲೆಯೇ ಬೆಳಕಿಗೆ ಅಡ್ಡವಾಗುವ ಈ ತೊಡಕು ವೈದ್ಯರನ್ನು ಬಹುಕಾಲ ಕಾಡಿತ್ತು. ಬದುಕಿರುವ ಮನುಷ್ಯನ ಕಣ್ಣಿನ ಒಳಪರದೆಯನ್ನು ಯಾರಿಗೂ ಸರಿಯಾಗಿ ನೋಡಲಾಗುತ್ತಿರಲಿಲ್ಲ, ಪಾಪೆ ಸದಾ ಕಪ್ಪಗೆ ಕಾಣುತ್ತಿತ್ತು. ಕಣ್ಣಿನೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ಕಾಣಬೇಕಾದರೆ ನೋಡುವವನು ಆ ದಾರಿಯಲ್ಲೇ ನಿಲ್ಲಬೇಕು, ನಿಂತರೆ ದೀಪಕ್ಕೆ ಅಡ್ಡ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ಉಪಾಯ ಸರಳವಾಗಿತ್ತು. ದೀಪವನ್ನು ಪಕ್ಕದಲ್ಲಿಟ್ಟು, ನಡುವೆ ಓರೆಯಾಗಿ ಗಾಜು ಹಿಡಿದರು. ಗಾಜು ದೀಪದ ಬೆಳಕನ್ನು ರೋಗಿಯ ಕಣ್ಣಿನೊಳಕ್ಕೆ ತಿರುಗಿಸಿತು, ವೈದ್ಯನ ನೋಟ ಅದೇ ಗಾಜಿನ ಮೂಲಕ ಹಾದುಹೋಯಿತು. ಬೆಳಕೂ ನೋಟವೂ ಒಂದೇ ಗೆರೆಗೆ ಬಂದವು. ನೇತ್ರದರ್ಶಕ ಹುಟ್ಟಿದ್ದು ಹೀಗೆ. ಕಿವಿ-ಮೂಗು-ಗಂಟಲು ವೈದ್ಯರು ಹಣೆಗೆ ಕಟ್ಟಿಕೊಳ್ಳುತ್ತಿದ್ದ, ನಡುವೆ ತೂತಿರುವ ದುಂಡು ಕನ್ನಡಿಯ ಹಿಂದಿರುವುದೂ ಇದೇ ತತ್ವ.

ತೋಟಾದ ಮೇಜಿಗೆ ಇದರಿಂದ ನೇರ ಪಾಠ ಸಿಗುತ್ತದೆ. ಆಳ ನೋಡಬೇಕಾದರೆ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡಬೇಕು. ಹಣೆಗೆ ಕಟ್ಟುವ ಎಲ್‌ಇಡಿ ದೀಪ ಕಣ್ಣಿನಿಂದ ಸುಮಾರು 6 ಸೆಂಟಿಮೀಟರ್ ಮೇಲಿರುತ್ತದೆ. 45 ಸೆಂಟಿಮೀಟರ್ ದೂರದಿಂದ ನೋಡುವಾಗ ಕಣ್ಣಿಗೂ ದೀಪಕ್ಕೂ ಇರುವ ಕೋನ 8 ಡಿಗ್ರಿಗೂ ಕಡಿಮೆ. ಎರಡೂ ಒಟ್ಟಿಗೆ ಆ ಇಕ್ಕಟ್ಟಿನ ಶಂಕುವಿನೊಳಗೆ ಹಿಡಿಸುತ್ತವೆ. ದುಬಾರಿ ಛಾವಣಿ ದೀಪಕ್ಕೆ ಆಗದ ಕೆಲಸವನ್ನು ಅಗ್ಗದ ಹಣೆದೀಪ ಮಾಡುವುದು ಈ ಕಾರಣಕ್ಕೆ. ಹಣೆಗೆ ಕಟ್ಟಿಕೊಳ್ಳಲು ಇಷ್ಟವಿಲ್ಲದವರು ಬಾಗುವ ಕೊರಳಿನ ಸಣ್ಣ ದೀಪವನ್ನು ಕೆನ್ನೆಯ ಮಟ್ಟಕ್ಕೆ ತಂದುಕೊಳ್ಳುತ್ತಾರೆ. ಮದ್ದು ತುಂಬಿದ ತೋಟಾಗಳನ್ನು ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಸಣ್ಣ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಸಾಲುಸಾಲಾಗಿ ನೋಡುತ್ತಾ ಹೋಗುವುದು ಹಳೆಯ ಅಭ್ಯಾಸ, ಇಂದಿಗೂ ಒಳ್ಳೆಯ ಅಭ್ಯಾಸ. ಹೀಗೆ ನೋಡುವಾಗ ಒಂದೊಂದು ತೋಟಾವನ್ನೂ ಅಕ್ಕಪಕ್ಕದವುಗಳ ಜೊತೆ ಹೋಲಿಸಬಹುದು. ಒಂದು ಮಟ್ಟವನ್ನು ಒಂಟಿಯಾಗಿ ಅಳೆಯುವುದಕ್ಕಿಂತ ಎರಡು ಮಟ್ಟಗಳ ವ್ಯತ್ಯಾಸ ಹಿಡಿಯುವುದು ಕಣ್ಣಿಗೆ ಎಷ್ಟೋ ಸುಲಭ.

ಹಿಡಿ ಎಳೆದಾಗಲೆಲ್ಲ ಒಂದು ತೋಟಾ ಮುಗಿದು ಹೊರಬರುವ ಪ್ರೋಗ್ರೆಸಿವ್ ಪ್ರೆಸ್ಸುಗಳಲ್ಲಿ ಈ ಸೌಕರ್ಯವಿಲ್ಲ. ಮದ್ದು ಬೀಳುವ ನಿಲ್ದಾಣಕ್ಕೂ ಗುಂಡು ಕೂರಿಸುವ ನಿಲ್ದಾಣಕ್ಕೂ ನಡುವೆ ಸಿಗುವುದು ಒಂದೇ ಕ್ಷಣ, ಒಳಗೆ ನೋಡುವುದು ಆಗಲೇ ಆಗಬೇಕು. ಪ್ರೆಸ್ಸಿನ ಚೌಕಟ್ಟೂ ಅದರಲ್ಲಿನ ಡೈ ಎಂಬ ಅಚ್ಚುಗಳೂ ಮೇಲಿನ ಬೆಳಕನ್ನು ತಡೆಯುತ್ತವೆ. ಅದಕ್ಕಾಗಿ ಚೌಕಟ್ಟಿನ ಒಳಮೈಗೇ ಪುಟ್ಟ ಎಲ್‌ಇಡಿಗಳನ್ನು ಅಂಟಿಸುತ್ತಾರೆ. ಕೆಲವರು ದಂತವೈದ್ಯರ ಬಳಿ ಇರುವಂಥ ಸಣ್ಣ ಕನ್ನಡಿಯನ್ನು ಅಥವಾ ಕ್ಯಾಮೆರಾವನ್ನು ತೋಟಾದ ಬಾಯಿಗೆ ಎದುರಾಗಿ ಕೂರಿಸಿ, ಕೂತಲ್ಲಿಂದಲೇ ತಳ ಕಾಣುವ ಹಾಗೆ ಮಾಡಿಕೊಳ್ಳುತ್ತಾರೆ. ಹೆಲ್ಮ್‌ಹೋಲ್ಟ್ಸ್ ಓರೆ ಗಾಜಿನಿಂದ ಮಾಡಿದ ಕೆಲಸವೇ ಇದು.

ಬಿರುಕು ಕಾಣಲು ಓರೆ ಬೆಳಕು

ಆಳ ನೋಡಲು ನೆರವಾದ ಬೆಳಕು ಮೇಲ್ಮೈ ನೋಡಲು ಕೆಲಸಕ್ಕೆ ಬರುವುದಿಲ್ಲ. ಮರುಬಳಕೆಯ ಹಿತ್ತಾಳೆ ಹಿಗ್ಗಿ ಕುಗ್ಗಿ ದಣಿಯುತ್ತದೆ. ಕವಚದ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು ಮೂಡಬಹುದು. ರೈಫಲ್ ತೋಟಾದ ಬುಡದಿಂದ ತುಸು ಮೇಲೆ ಸುತ್ತಲೂ ಒಂದು ಹೊಳೆಯುವ ಬಳೆಯಂಥ ಗುರುತು ಕಾಣಿಸಿಕೊಳ್ಳಬಹುದು. ಒಳಗೆ ಲೋಹ ತೆಳುವಾಗುತ್ತಿದೆ, ಇನ್ನೊಂದೆರಡು ಸಲ ಹಾರಿಸಿದರೆ ಕವಚ ಅಲ್ಲೇ ತುಂಡಾಗಬಹುದು ಎಂಬುದಕ್ಕೆ ಅದು ಮುನ್ಸೂಚನೆ. ಅಂಥ ತೋಟಾವನ್ನು ಹೆಕ್ಕಿ ಎಸೆಯಬೇಕು. ಎಸೆಯಲು ಮೊದಲು ಅದು ಕಾಣಬೇಕು.

ಹಣೆದೀಪದ ಬೆಳಕಿನಲ್ಲಿ ಇಂಥ ಬಿರುಕು ಮಾಯವಾಗುತ್ತದೆ. ಬೆಳಕು ನೋಟದ ಗೆರೆಯಲ್ಲೇ ಬಂದರೆ ಬಿರುಕಿನ ಅಂಚಿನ ನೆರಳು ಅಂಚಿನ ಹಿಂದೆಯೇ ಅಡಗುತ್ತದೆ, ಕಣ್ಣಿಗೆ ನೆರಳೇ ಸಿಗುವುದಿಲ್ಲ. ನೆರಳಿಲ್ಲದೆ ಏರುತಗ್ಗು ತಿಳಿಯುವುದಿಲ್ಲ. ತೋಟಾವನ್ನು ಎರಡು ಬೆರಳ ನಡುವೆ ಹಿಡಿದು, ದೀಪವನ್ನು ಪಕ್ಕಕ್ಕೆ ಸರಿಸಿ, ಬೆಳಕು ಲೋಹದ ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿ ಮೆಲ್ಲಗೆ ತಿರುಗಿಸಿ. ಆಗ ಬಿರುಕಿನ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಗೀರೂ ಎದ್ದು ಕಾಣುತ್ತದೆ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 40 ಸೆಂಟಿಮೀಟರ್ ದೂರದಲ್ಲಿ ಅದು 0.12 ಮಿಲಿಮೀಟರ್ ಆಗುತ್ತದೆ. ಅಷ್ಟು ಅಂಚಿನಲ್ಲಿ ನಿಂತು ಕೆಲಸ ಮಾಡುವ ಕಣ್ಣಿಗೆ ಆ ನೆರಳೇ ಆಸರೆ.

ಹಿತ್ತಾಳೆಯ ಬಿರುಕಿನ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡಿದ ತೋಟಾಗಳ ಕವಚ ಬಳಸುವ ಮೊದಲೇ ಸೀಳುತ್ತಿತ್ತು. ಮಳೆಗಾಲಕ್ಕೆ ಅಂಟಿಕೊಂಡ ಈ ಪೀಡೆಗೆ ಋತುಬಿರುಕು ಎಂಬರ್ಥದ ಹೆಸರೇ ಬಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಬ್ರಿಟಿಷ್ ಸಂಶೋಧಕರ ಅಧ್ಯಯನದಿಂದ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ, ತಯಾರಿಕೆಯ ಹೊತ್ತಿಗೇ ಲೋಹದೊಳಗೆ ಉಳಿದ ಬಿಗಿತ, ಇವು ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ತೋಟಾದ ಹಿತ್ತಾಳೆಯಲ್ಲಿ ತಾಮ್ರ 70 ಪಾಲು, ಸತು 30 ಪಾಲು. ಅಮೋನಿಯಾ ಇರುವ ಪಾಲಿಶ್‌ನಿಂದ ತೋಟಾ ಉಜ್ಜಬೇಡಿ ಎಂದು ಅನುಭವಿಗಳು ಇಂದಿಗೂ ಎಚ್ಚರಿಸುವುದು ಈ ಕಾರಣಕ್ಕೆ.

ಓರೆ ಬೆಳಕಿಗೂ ಒಂದು ತೊಡಕಿದೆ. ಉಜ್ಜಿದ ಹಿತ್ತಾಳೆ ಕನ್ನಡಿಯಂತೆ ವರ್ತಿಸುತ್ತದೆ. ಒಂದೇ ಚುಕ್ಕಿಯಂಥ ಪ್ರಖರ ಎಲ್‌ಇಡಿ ಅದರ ಮೈಯಲ್ಲಿ ಕಣ್ಣು ಕುಕ್ಕುವ ಒಂದು ಹೊಳಪು ಗೆರೆಯಾಗಿ ಪ್ರತಿಫಲಿಸುತ್ತದೆ, ಉಳಿದ ಮೈ ಮಂಕಾಗಿ ಕಾಣುತ್ತದೆ. ಬಿರುಕು ಆ ಹೊಳಪಿನ ಪಕ್ಕದಲ್ಲಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೆ ಪರಿಹಾರ, ಬೆಳಕಿನ ಮೂಲವನ್ನೇ ದೊಡ್ಡದು ಮಾಡುವುದು. ದೀಪದ ಮುಂದೆ ಹಾಲುಬಿಳುಪಿನ ಹೊದಿಕೆ ಇರಲಿ, ಅಥವಾ ಉದ್ದನೆಯ ಬೆಳಕಿನ ಪಟ್ಟಿಯನ್ನೇ ಆರಿಸಿ. ಆಗ ಹೊಳಪು ಅಗಲವಾಗಿ ಹರಡಿ ಸೌಮ್ಯವಾಗುತ್ತದೆ. ಸಣ್ಣ ತಗ್ಗೂ ಆ ಹೊಳಪಿನ ಅಂಚನ್ನು ಸೊಟ್ಟಗೆ ಮಾಡಿ ತನ್ನ ಇರವನ್ನು ತೋರಿಸಿಕೊಡುತ್ತದೆ.

ಎಷ್ಟು ಬೆಳಕು ಸಾಕು

ದಿಕ್ಕು ಗೊತ್ತಾದ ಮೇಲೆ ಪ್ರಮಾಣದ ಮಾತು. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್, ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿಗೂ ಕಡಿಮೆ. ಇಎನ್ 12464-1 ಎಂಬ ಯುರೋಪಿನ ಮಾನದಂಡ ಕಚೇರಿಯ ಓದುಬರಹಕ್ಕೆ 500 ಲಕ್ಸ್, ಆಭರಣ ಮಾಡಲು 1,000, ಕೈಯಿಂದ ಗಡಿಯಾರ ಜೋಡಿಸಲು 1,500 ಲಕ್ಸ್ ಇರಬೇಕೆನ್ನುತ್ತದೆ. ತೋಟಾದ ಸಣ್ಣ ಕೇಪಿನ ಅಗಲ 4.45 ಮಿಲಿಮೀಟರ್, ಅದು ಬುಡದ ಮಟ್ಟಕ್ಕೆ ಸಮವಾಗಿ ಅಥವಾ ಕೂದಲೆಳೆಯಷ್ಟು ಒಳಗೆ ಕೂತಿದೆಯೇ ಎಂದು ನೋಡಬೇಕು. ಇದು ಅಕ್ಕಸಾಲಿಗನ ಕೆಲಸಕ್ಕೂ ಗಡಿಯಾರದವನ ಕೆಲಸಕ್ಕೂ ಹತ್ತಿರದ್ದು. ಕೈಯಾಡುವ ಜಾಗದಲ್ಲಿ 1,000 ಲಕ್ಸ್, ಸುತ್ತ 500 ಲಕ್ಸ್ ಎಂದು ಇಟ್ಟುಕೊಂಡರೆ ಲೆಕ್ಕ ಸರಿ.

ಈ ಮಟ್ಟ ತಲುಪಲು ದೂರದ ದೊಡ್ಡ ದೀಪಕ್ಕಿಂತ ಹತ್ತಿರದ ಸಣ್ಣ ದೀಪ ಮೇಲು. ಹಳೆಯ 60 ವ್ಯಾಟ್ ಬಲ್ಬಿಗೆ ಸಮನಾದ ಎಲ್‌ಇಡಿ 800 ಲ್ಯೂಮೆನ್ ಬೆಳಕು ಕೊಡುತ್ತದೆ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಒಂದೂವರೆ ಮೀಟರ್ ದೂರದಲ್ಲಿ ಸಿಗುವುದು ಬರೀ 28 ಲಕ್ಸ್. ಅದೇ ಬಲ್ಬನ್ನು ಅರ್ಧ ಮೀಟರಿಗೆ ತಂದರೆ 255 ಲಕ್ಸ್. ದೂರ ಮೂರನೆಯ ಒಂದು ಪಾಲಾದರೆ ಬೆಳಕು ಒಂಬತ್ತು ಪಟ್ಟು. ಮೇಲೆ ಒಳ್ಳೆಯ ಪ್ರತಿಫಲಕ ಗೂಡು ಇದ್ದರೆ 1,000 ದಾಟುವುದು ಕಷ್ಟವಲ್ಲ. ಬ್ರಿಟನ್ನಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೈನ್ 1932ರಲ್ಲಿ ಪೇಟೆಂಟ್ ಪಡೆದ ಸ್ಪ್ರಿಂಗ್ ತೋಳಿನ ವ್ಯವಸ್ಥೆಯಿಂದ ಆಂಗಲ್‌ಪಾಯ್ಸ್ ದೀಪ ಹುಟ್ಟಿತು. ಒಂದು ಬೆರಳಿನಿಂದ ಎಳೆದರೆ ಬರುವ, ಬಿಟ್ಟಲ್ಲಿ ನಿಲ್ಲುವ ಆ ತೋಳು ಇಂದಿಗೂ ಕೆಲಸದ ಮೇಜುಗಳಲ್ಲಿ ಉಳಿದಿರುವುದಕ್ಕೆ ಈ ಗಣಿತವೇ ಕಾರಣ.

ಹಾಗೆಂದು ಬೆಳಕು ಸುರಿಯುತ್ತಲೇ ಹೋದರೆ ನೋಟ ಸುಧಾರಿಸುತ್ತಲೇ ಹೋಗುವುದಿಲ್ಲ. ಬ್ರಿಟನ್ನಿನ ಎಚ್. ಸಿ. ವೆಸ್ಟನ್ 1945ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ಬೆಳಕು ಹೆಚ್ಚಿದಂತೆ ಮೊದಮೊದಲು ಲಾಭ ಬಹಳ, ಆಮೇಲೆ ಅದು ಕುಗ್ಗುತ್ತಾ ಹೋಗುತ್ತದೆ. ತೀರ ಚಿಕ್ಕ, ಹಿನ್ನೆಲೆಯಿಂದ ಎದ್ದು ಕಾಣದ ಗುರುತನ್ನು ಎಷ್ಟೇ ಬೆಳಕು ಹಾಕಿದರೂ ದೊಡ್ಡ, ಸ್ಪಷ್ಟ ಗುರುತಿನಷ್ಟು ಸಲೀಸಾಗಿ ಓದಲಾಗದು. ಹಾಗಾಗಿ ಒಂದು ಮಟ್ಟ ದಾಟಿದ ಮೇಲೆ ಇನ್ನೊಂದು ದೀಪಕ್ಕೆ ಹಣ ಹಾಕುವ ಬದಲು ಭೂತಗನ್ನಡಿ ತರಬೇಕು, ಮೇಜಿನ ಮೇಲ್ಮೈ ಬದಲಾಯಿಸಬೇಕು. ಹೊಳಪಿಲ್ಲದ ತಿಳಿಬೂದು ಹಾಸಿನ ಮೇಲೆ ಚೆಲ್ಲಿದ ಕಡುಬೂದು ಮದ್ದಿನ ಕಣ ತಕ್ಷಣ ಕಾಣುತ್ತದೆ. ಕಪ್ಪು ಹಾಸಿನ ಮೇಲೆ ಅದನ್ನು ಹುಡುಕಬೇಕು.

ವಯಸ್ಸಿನ ಲೆಕ್ಕವನ್ನೂ ಮರೆಯಬಾರದು. ವರ್ಷ ಕಳೆದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟಿ ಮಂಕಾಗುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೆಯ ಒಂದು ಪಾಲಷ್ಟೇ. ಹಿರಿಯರು ಹೆಚ್ಚು ಬೆಳಕು ಕೇಳಿದರೆ ಅದು ಚಪಲವಲ್ಲ. ಅವರಿಗೆ ಅದರಿಂದ ಇನ್ನೊಂದು ಲಾಭವೂ ಉಂಟು. ಪ್ರಖರ ಬೆಳಕಿನಲ್ಲಿ ಪಾಪೆ ಕುಗ್ಗುವುದರಿಂದ ಹತ್ತಿರದ್ದೂ ತುಸು ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ವ್ಯಾಪ್ತಿ ಹೆಚ್ಚುತ್ತದೆ. ತೋಟಾದ ಬಾಯಿಯೂ ತಳವೂ ಒಂದೇ ನೋಟಕ್ಕೆ ಸಿಗುತ್ತವೆ.

ಆದರೆ ಆ ಪ್ರಖರತೆ ಮೇಜಿನ ಮೇಲಿರಬೇಕು, ಕಣ್ಣಿನೊಳಗಲ್ಲ. ದೀಪದ ಬೆತ್ತಲೆ ಬುರುಡೆ ನೋಟದ ವ್ಯಾಪ್ತಿಯಲ್ಲಿದ್ದರೆ ಅದರ ಬೆಳಕು ಕಣ್ಣಿನೊಳಗೇ ಚದುರಿ ಕಾಣಬೇಕಾದುದರ ಮೇಲೆ ಮಂಜಿನ ಪರದೆ ಎಳೆಯುತ್ತದೆ. ಈ ಪರದೆಯ ದಪ್ಪ ಕೋನದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ನೋಟದ ಗೆರೆಯಿಂದ 10 ಡಿಗ್ರಿ ದೂರದಲ್ಲಿದ್ದ ದೀಪವನ್ನು 20 ಡಿಗ್ರಿಗೆ ಸರಿಸಿದರೆ ತೊಂದರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ದೀಪದ ಗೂಡಿನ ಅಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಸಮಸ್ಯೆಯೇ ಇಲ್ಲ.

ಬಣ್ಣ, ಮಿಡಿತ

ದಕ್ಷ ನೀಲಿ ಎಲ್‌ಇಡಿ ಕಂಡುಹಿಡಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಇಂದಿನ ಬಿಳಿ ಎಲ್‌ಇಡಿಯ ಒಡಲಲ್ಲಿ ಇರುವುದು ಆ ನೀಲಿಯೇ. ಅದರ ಮೇಲಿನ ಹಳದಿ ಫಾಸ್ಫರ್‌ನ ಪದರ ನೀಲಿಯ ಒಂದು ಭಾಗವನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗುತ್ತದೆ. ಅಗ್ಗದ ದೀಪಗಳಲ್ಲಿ ಕೆಂಪಿನ ಪಾಲು ಕೊರೆಯಾಗಿರುತ್ತದೆ. ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕ ಇದೆ, 100 ಎಂದರೆ ಪೂರ್ಣ. ಅಂಗಡಿಯ ಸಾಮಾನ್ಯ ದೀಪಗಳದ್ದು 80ರ ಆಸುಪಾಸು. ಆದರೆ ಆ ಅಂಕ ಲೆಕ್ಕ ಹಾಕುವುದು ಎಂಟು ತಿಳಿ ಬಣ್ಣಗಳ ಮೇಲೆ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಹಾಗಾಗಿ 90ಕ್ಕೂ ಮೇಲಿನ ಅಂಕವನ್ನು, ಜೊತೆಗೆ ಆರ್9 ಎಂಬ ಕೆಂಪಿನ ಅಂಕವನ್ನೂ ನೋಡಿ ಕೊಳ್ಳುವುದು ಜಾಣತನ.

ತೋಟಾದ ಮೇಜಿನಲ್ಲಿ ಬಣ್ಣಕ್ಕೇನು ಕೆಲಸ? ತೊಳೆಯುವಾಗ ಆಮ್ಲದಲ್ಲಿ ಹೆಚ್ಚು ಹೊತ್ತು ನೆನೆದ ಹಿತ್ತಾಳೆಯ ಮೇಲ್ಮೈಯಿಂದ ಸತು ಕರಗಿ ತಾಮ್ರದ ನಸುಗೆಂಪು ಉಳಿಯುತ್ತದೆ. ಕೆಂಪು ಕಡಿಮೆಯಿರುವ ಬೆಳಕಿನಲ್ಲಿ ಈ ಸೂಚನೆ ತಪ್ಪಿಹೋಗಬಹುದು. ರೆಡ್ ಡಾಟ್, ಗ್ರೀನ್ ಡಾಟ್, ಬ್ಲೂ ಡಾಟ್ ಎಂಬ ಮದ್ದುಗಳಲ್ಲಿ ಗುರುತಿಗೆಂದೇ ಆಯಾ ಬಣ್ಣದ ಚೂರುಗಳನ್ನು ಬೆರೆಸಿರುತ್ತಾರೆ. ಒಂದರ ಬದಲು ಇನ್ನೊಂದು ಬಿದ್ದರೆ ಅನಾಹುತ. ಮದ್ದನ್ನು ಗುರುತಿಸುವುದು ಡಬ್ಬಿಯ ಚೀಟಿಯಿಂದಲೇ ಹೊರತು ಬಣ್ಣದಿಂದಲ್ಲ, ಆದರೂ ಚೀಟಿ ಹೇಳಿದ್ದನ್ನು ಕಣ್ಣು ಒಪ್ಪುವ ಹಾಗೆ ಬೆಳಕು ಇರಬೇಕು.

ದೀಪದ ಮಿಡಿತ ಇನ್ನೊಂದು ವಿಷಯ. ಅಮೆರಿಕದ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ಭಾರತದ್ದು 50. ಕಳಪೆ ಸರ್ಕೀಟಿನ ದೀಪ ಅಲ್ಲಿ ಸೆಕೆಂಡಿಗೆ 120 ಸಲ, ಇಲ್ಲಿ 100 ಸಲ ಮಿಡಿಯುತ್ತದೆ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಅದು ತಲೆನೋವು, ಆಯಾಸ ತರಬಲ್ಲದು. ತಿರುಗುವ ಯಂತ್ರವನ್ನು ನಿಂತಂತೆ ತೋರಿಸಿ ಮೋಸ ಮಾಡಬಲ್ಲದು. ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ದೀಪವನ್ನು ಚಿತ್ರಿಸಿ ನೋಡಿದರೆ ಮಿಡಿತ ಬಯಲಾಗುತ್ತದೆ. ಹಳೆಯ ಟ್ಯೂಬ್‌ಲೈಟುಗಳು ಇಲ್ಲಿ ಇನ್ನೊಂದು ರಗಳೆಗೂ ಹೆಸರಾಗಿವೆ. ಗ್ರೇನ್ ಎಂಬ, 65 ಮಿಲಿಗ್ರಾಮಿನಷ್ಟು ಪುಟ್ಟ ತೂಕದ ಹತ್ತನೆಯ ಒಂದು ಭಾಗವನ್ನೂ ಅಳೆಯುವ ಡಿಜಿಟಲ್ ತಕ್ಕಡಿಯ ಓದು ಅವುಗಳ ಪಕ್ಕದಲ್ಲಿ ಏರುಪೇರಾಗಬಹುದೆಂದು ತಕ್ಕಡಿಯ ಕೈಪಿಡಿಗಳು ಎಚ್ಚರಿಸುತ್ತವೆ.

ಮದ್ದಿನ ಪಕ್ಕದ ದೀಪ

ಮದ್ದಿಗೂ ದೀಪಕ್ಕೂ ಇರುವ ಹಗೆ ಹಳೆಯದು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಮದ್ದಿನ ಕೋಣೆಯೊಳಗೆ ದೀಪ ಒಯ್ಯುವಂತಿರಲಿಲ್ಲ. ಅದರ ಪಕ್ಕದಲ್ಲಿ ಪ್ರತ್ಯೇಕ ದೀಪದ ಕೋಣೆ ಕಟ್ಟಿ, ನಡುಗೋಡೆಯ ಗಾಜಿನ ಕಿಟಕಿಯಿಂದ ಬೆಳಕು ಹಾಯಿಸುತ್ತಿದ್ದರು. ಪೋರ್ಟ್ಸ್‌ಮತ್‌ನಲ್ಲಿ ಉಳಿಸಿಕೊಂಡಿರುವ ಎಚ್‌ಎಂಎಸ್ ವಿಕ್ಟರಿ ನೌಕೆಯಲ್ಲಿ ಈ ಏರ್ಪಾಡು ಇದೆ. ಬೆಳಕು ಒಳಗೆ ಬರಲಿ, ಬೆಂಕಿ ಹೊರಗಿರಲಿ ಎಂಬ ಆ ತತ್ವ ಇಂದಿನ ಮೇಜಿಗೂ ಸಲ್ಲುತ್ತದೆ.

ಹ್ಯಾಲೋಜನ್ ದೀಪವನ್ನು ಈ ಮೇಜಿನಿಂದ ದೂರವಿಡಬೇಕು. ಆ ದೀಪದ ರಸಾಯನಕ್ರಿಯೆ ನಡೆಯಲು ಅದರ ಗಾಜೇ ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಬೇಕು. ಹೊಗೆರಹಿತ ಮದ್ದಿನ ಮೂಲದ್ರವ್ಯವಾದ ನೈಟ್ರೊಸೆಲ್ಯುಲೋಸ್ ಸುಮಾರು 170 ಡಿಗ್ರಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ವಾದ ಬೇಕಿಲ್ಲ. ಎಲ್‌ಇಡಿ ಇಲ್ಲಿ ಗೆಲ್ಲುವುದು ಕರೆಂಟು ಉಳಿಸುತ್ತದೆ ಎಂಬ ಕಾರಣಕ್ಕಿಂತ ತಣ್ಣಗಿರುತ್ತದೆ ಎಂಬ ಕಾರಣಕ್ಕೆ.

ಕಿಟಕಿಯ ಬಿಸಿಲನ್ನೂ ನಂಬಬಾರದು. ಬಿಸಿಲು, ಶಾಖ ಎರಡೂ ಮದ್ದನ್ನು ಹಾಳುಗೆಡಹುತ್ತವೆ. ಆದ್ದರಿಂದಲೇ ಕೆಲಸ ಮುಗಿದೊಡನೆ ಪಾರದರ್ಶಕ ಪಾತ್ರೆಯಲ್ಲಿ ಉಳಿದ ಮದ್ದನ್ನು ಅದರದೇ ಡಬ್ಬಿಗೆ ಹಿಂದಿರುಗಿಸಬೇಕು. ದೀಪದ ಜೊತೆಗೆ ಬರುವ ದೊಡ್ಡ ಭೂತಗನ್ನಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಮಾನ್ಯವಾಗಿ ಸಿಗುವ 3 ಡಯಾಪ್ಟರ್ ಶಕ್ತಿಯ ಮಸೂರದ ಸಂಗಮದೂರ 33 ಸೆಂಟಿಮೀಟರ್. ತೋಳಿನ ದೀಪದಲ್ಲಿ ಮಸೂರ ಮೇಜಿನಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಬಿಸಿಲು ಅದರ ಮೇಲೆ ಬಿದ್ದರೆ ಬೆಂಕಿ ಹಚ್ಚಬಲ್ಲ ಚುಕ್ಕಿ ಮೂಡುವುದು ಸರಿಯಾಗಿ ಮೇಜಿನ ಮೇಲೆಯೇ. ಬಳಸದಾಗ ಮಸೂರಕ್ಕೆ ಮುಚ್ಚಳ ಹಾಕಿಡುವುದು ಕಡ್ಡಾಯ.

ಇಷ್ಟೆಲ್ಲ ನೋಡಿದ ಮೇಲೆ ತೀರ್ಮಾನ ಇಷ್ಟು. ಒಂದೇ ದೀಪದಿಂದ ಈ ಮೇಜಿನ ಕೆಲಸ ನಡೆಯದು, ಮೂರು ಬೇಕು. ಕೋಣೆಗೆಲ್ಲ ಹರಡುವ ಸೌಮ್ಯ ಬೆಳಕು ಒಂದು. ಆಳ ನೋಡಲು ಕಣ್ಣಿನ ಪಕ್ಕದಿಂದ ಹೊರಡುವ ಸಣ್ಣ ಬೆಳಕು ಇನ್ನೊಂದು. ಬಿರುಕು ಹುಡುಕಲು ಪಕ್ಕಕ್ಕೆ ಸರಿಯುವ ತೋಳಿನ ದೀಪ ಮತ್ತೊಂದು. ಮೂರೂ ಎಲ್‌ಇಡಿಯೇ ಆಗಿರಲಿ. ಇವೆಲ್ಲ ಇದ್ದರೂ ಕಣ್ಣನ್ನು ಕೊನೆಯ ಕಾವಲುಗಾರನೆಂದು ನಂಬುವಂತಿಲ್ಲ. ದಣಿದ ಮನಸ್ಸು ಬೆಳಕಿದ್ದರೂ ಕಾಣದೆ ಹೋಗುತ್ತದೆ, ತೂಕ ಮಾಡಿ ನೋಡುವ ಎರಡನೆಯ ತಪಾಸಣೆ ಇರಲೇಬೇಕು.

ತೋಟಾದ ಮೇಜನ್ನು ಎಂದೂ ಕಾಣದ ಓದುಗರೂ ಇದರಿಂದ ಪಡೆಯಬೇಕಾದದ್ದಿದೆ. ನೀವು ಹೊಲಿಗೆ ಯಂತ್ರದ ಮುಂದೆ ಕೂರುವವರಾಗಿರಬಹುದು, ಮೊಬೈಲು ರಿಪೇರಿ ಮಾಡುವವರಾಗಿರಬಹುದು, ಚಿನ್ನದ ಕುಸುರಿ ಮಾಡುವವರಾಗಿರಬಹುದು. ಹೊಸ ದೀಪಕ್ಕೆ ಹಣ ಕೊಡುವ ಮೊದಲು ನಿಮ್ಮ ಕೆಲಸದ ಜಾಗದಲ್ಲಿ ಒಂದು ಟಾರ್ಚು ಹಿಡಿದು ಕೂತುಕೊಳ್ಳಿ. ಅದನ್ನು ಕಣ್ಣಿನ ಪಕ್ಕದಿಂದ, ಎಡದಿಂದ, ಬಲದಿಂದ, ಮೇಜಿನ ಮಟ್ಟದಿಂದ ಹಿಡಿದು ನೋಡಿ. ಕಾಣಬೇಕಾದದ್ದು ಯಾವ ದಿಕ್ಕಿನಿಂದ ಚೆನ್ನಾಗಿ ಕಂಡಿತೋ ದೀಪ ಅಲ್ಲಿರಲಿ. ವ್ಯಾಟಿನ ಲೆಕ್ಕ ಆಮೇಲೆ.